ಟೈರಿಲ್ಲದ ಸೈಕಲ್

ನಮ್ಮ ಮನೆಯಲ್ಲಿ ನನ್ನ ಮೇಲಿರುವ ದೂರು ಒಂದೇ: ನಾನು ಯಾವ ಕೆಲಸವನ್ನೂ ಬಾಯಿ ಮುಚ್ಚಿಕೊಂಡು ಮಾಡುವುದಿಲ್ಲವಂತೆ. ಚಹಾ ಸೋಸುವಾಗ ಯಾರ ಕಪ್ಪಿಗೆ ಸಕ್ಕರೆ ಕಡಿಮೆ ಹಾಕಿದೆ, ಯಾಕೆ ಹಾಕಿದೆ ಎಂದು ಹೇಳಲೇಬೇಕು. ಯಜಮಾನರ ಅಂಗಿ ಇಸ್ತ್ರಿಗೆ ಕೊಟ್ಟರೆ ಅದಕ್ಕೂ ಒಂದು ಪುರಾಣ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದವಳು, ನಾಲಿಗೆಗೆ ರೂಢಿಯಾಗಿಬಿಟ್ಟಿದೆ ಎಂದು ಅವರು ನಗುತ್ತಾರೆ. ನಗಲಿ ಬಿಡಿ. ಈ ರೂಢಿ ಶಾಲೆಯಿಂದ ಬಂದದ್ದಲ್ಲ. ಇಳಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ, ನನಗೆ ಹತ್ತು ವರ್ಷವಿದ್ದಾಗ, ಹೇಳಬೇಕಾದ ಒಂದು ಮಾತನ್ನು ಹೇಳದೆ ಇಟ್ಟುಕೊಂಡೆ. ಆಮೇಲೆ ಅದರ ಶಿಕ್ಷೆಯಾಗಿ ಜೀವಮಾನವೆಲ್ಲ ಹೇಳುತ್ತಲೇ ಇದ್ದೇನೆ.

ಆ ಮನೆಗೆ ಬಂದವರಿಗೆ ಮೊದಲು ಕಾಣುತ್ತಿದ್ದದ್ದು ಅರ್ಧ ಅಪ್ಪ ಮಾತ್ರ. ಉಳಿದರ್ಧ ನೆಲದೊಳಗೆ ಇರುತ್ತಿತ್ತು. ಪಡಸಾಲೆಯ ನೆಲ ಅಗೆದು ಕುಣಿ ಮಾಡಿ, ಅದರ ಅಂಚಿನಲ್ಲಿ ಕುಳಿತು, ಕಾಲು ಕೆಳಗೆ ಇಳಿಬಿಟ್ಟು ತುಳಿಯುತ್ತ ನೇಯುವ ಕೈಮಗ್ಗ ನಮ್ಮದು. ಆದ್ದರಿಂದ ನಮ್ಮ ಮನೆಯಲ್ಲಿ ಯಾರೂ ‘ಮಗ್ಗಕ್ಕೆ ಕೂಡುವುದು’ ಎನ್ನುತ್ತಿರಲಿಲ್ಲ, ‘ಮಗ್ಗಕ್ಕೆ ಇಳಿಯುವುದು’ ಎನ್ನುತ್ತಿದ್ದೆವು. ಅಪ್ಪ ಬೆಳಗಿನ ಚಹಾ ಕುಡಿದು ಇಳಿದರೆ ರೊಟ್ಟಿಯ ಹೊತ್ತಿಗೆ ಮೇಲೆ ಬರುತ್ತಿದ್ದ, ತಿಂದು ಮತ್ತೆ ಇಳಿಯುತ್ತಿದ್ದ. ಅವನು ನೇಯುತ್ತಿದ್ದ ಗೋಮಿ ನಮೂನೆಯ ದಡಿಯ ಸೀರೆಗೆ ಓಣಿಯಲ್ಲಿ ಹೆಸರಿತ್ತು. ಬಾಗಿಲ ಬೆಳಕಿಗೆ ಅವ್ವನ ರಾಟಿ. ಅದರ ಗಾಲಿ ಎಂದರೆ ಯಾವುದೋ ಹಳೆಯ ಸೈಕಲ್ಲಿನ ಟೈರು ಕಳಚಿದ ರಿಮ್ಮು. ನಮ್ಮ ಓಣಿಯಲ್ಲಿ ಎಷ್ಟೋ ಮನೆಯ ರಾಟಿಗಳು ಹಾಗೇ ಆಗಿದ್ದವು. ರಿಮ್ಮಿನ ಕೊರಕಲಿನಲ್ಲಿ ಹುರಿ ಕೂಡಿಸಿ, ಆ ಹುರಿಯನ್ನು ಕದಿರಿಗೆ ಸುತ್ತಿ ಗಾಲಿ ತಿರುಗಿಸಿದರೆ ಕದಿರು ಗಿರ್ರನೆ ತಿರುಗುತ್ತಿತ್ತು, ಅದಕ್ಕೆ ಸಿಕ್ಕಿಸಿದ ಬೆರಳುದ್ದದ ಕೊಳವೆಗೆ ನೂಲು ಸುತ್ತಿಕೊಳ್ಳುತ್ತಿತ್ತು. ಹಾಗೆ ನೂಲು ತುಂಬಿಕೊಂಡ ಕೊಳವೆಯೇ ಕಂಡಿಕೆ. ಅದನ್ನು ಲಾಳಿಯೊಳಗಿಟ್ಟು ಅಪ್ಪ ನೇಯುತ್ತಿದ್ದ. ಒಂದು ಮುಗಿಯುವುದರೊಳಗೆ ಇನ್ನೊಂದು ತಯಾರಿರಬೇಕು. ಇಲ್ಲವಾದರೆ ಅಪ್ಪ ಬಾಯಿ ಬಿಟ್ಟು ಏನೂ ಅನ್ನುತ್ತಿರಲಿಲ್ಲ, ಖಾಲಿ ಲಾಳಿಯನ್ನು ಮಗ್ಗದ ಕಟ್ಟಿಗೆಗೆ ಟಕ್ ಟಕ್ ಎಂದು ಬಡಿಯುತ್ತಿದ್ದ. ಆ ಸದ್ದಿಗೆ ಅವ್ವ ಒಲೆಯ ಮುಂದಿನಿಂದ ಓಡಿ ಬರುತ್ತಿದ್ದಳು.

ಮಗ್ಗ ಗಂಡಸರದು, ರಾಟಿ ಹೆಂಗಸರದು, ಮಕ್ಕಳದು, ಕೈಲಾಗದ ಮುದುಕರದು. ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ‘ಮಗ್ಗ ಬಿಟ್ಟಂವ ರಾಟಿಗೆ, ರಾಟಿ ಬಿಟ್ಟಂವ ಕಟ್ಟಿಗೆ’ ಎಂದು ಓಣಿಯ ಮುದುಕರು ತಮ್ಮನ್ನೇ ತಾವು ಚಾಷ್ಟಿ ಮಾಡಿಕೊಳ್ಳುತ್ತಿದ್ದರು. ಆ ಕಟ್ಟಿಗೆ ಎಂದರೆ ಗುಡಿಯ ಮುಂದಿನ ಕಟ್ಟೆಯೋ, ಸುಡುಗಾಡಿನ ಸೌದೆಯೋ ಅವರವರ ಭಾವಕ್ಕೆ ಬಿಟ್ಟದ್ದು. ನನಗಂತೂ ಆಗ ಅದು ನಗುವ ಮಾತಾಗಿತ್ತು.

ಇನ್ನು ಸೈಕಲ್ಲಿನ ಸಂಗತಿ. ಅದು ಅವ್ವನ ಮದುವೆಯಲ್ಲಿ ಅವಳ ಅಪ್ಪ, ಅಂದರೆ ಹುನಗುಂದದ ನನ್ನ ಅಜ್ಜ, ಅಳಿಯನಿಗೆ ಕೊಟ್ಟ ಕರಿ ಸೈಕಲ್. ಅಪ್ಪ ನೇಯ್ದ ಸೀರೆಗಳನ್ನು ಅದರ ಕ್ಯಾರಿಯರಿಗೆ ಕಟ್ಟಿಕೊಂಡು ಸಾವುಕಾರರ ಅಂಗಡಿಗೆ ಹೋಗುತ್ತಿದ್ದನಂತೆ, ನನ್ನ ಅಣ್ಣ ಮಹಾಂತೇಶನನ್ನು ಮುಂದಿನ ದಂಡಿಗೆಯ ಮೇಲೆ ಕೂಡಿಸಿಕೊಂಡು ಊರೆಲ್ಲ ತಿರುಗುತ್ತಿದ್ದನಂತೆ. ನಾನು ಹುಟ್ಟುವ ಮೊದಲೇ ಯಾವುದೋ ಮದುವೆಯ ಪಂಕ್ತಿಯಲ್ಲಿ ಅಜ್ಜ ನಾಲ್ಕು ಜನರ ಮುಂದೆ, ‘ನಮ್ಮ ಅಳಿಯಾರು ನಾ ಕೊಟ್ಟ ಗಾಲಿ ಮ್ಯಾಲ ಹೊಂಟಾರ’ ಎಂದು ನಕ್ಕನಂತೆ. ಅಪ್ಪ ಊಟ ಬಿಟ್ಟು ಏಳಲಿಲ್ಲ, ಜಗಳ ಮಾಡಲಿಲ್ಲ. ಮನೆಗೆ ಬಂದು ಸೈಕಲ್ಲನ್ನು ಹಿತ್ತಲ ಗೋಡೆಗೆ ಆನಿಸಿದವನು ಮತ್ತೆ ಅದನ್ನು ಮುಟ್ಟಲಿಲ್ಲ. ಹನ್ನೊಂದು ವರ್ಷ ನಡೆದೇ ಓಡಾಡಿದ. ಅಜ್ಜ ಬಂದು ಕೈ ಹಿಡಿದು ಕೇಳಿಕೊಂಡ, ಸತ್ತೂ ಹೋದ. ಸೈಕಲ್ ಹಿತ್ತಲಲ್ಲೇ ಉಳಿಯಿತು. ಅದರ ಮೇಲೆ ಹೀರೇಬಳ್ಳಿ ಹಬ್ಬಿತು, ಸೀಟಿನ ಸ್ಪ್ರಿಂಗಿನಲ್ಲಿ ಗುಬ್ಬಿ ಗೂಡು ಕಟ್ಟಿತು. ಅವ್ವ ಸಿಟ್ಟು ಬಂದಾಗಲೆಲ್ಲ ಅನ್ನುತ್ತಿದ್ದಳು:

“ನಿಮ್ಮಪ್ಪಂದು ಬಾಯಿ ಸಣ್ಣದು, ಹಟ ದೊಡ್ಡದು. ಒಮ್ಮೆ ಇಳಿದಂವ ಇಳಿದಂವನ. ಮತ್ತ ಹತ್ತೂ ಮಾತಿಲ್ಲ.”

ಅಂಥ ಅಪ್ಪ ಒಂದು ಬೆಳಿಗ್ಗೆ ನೇಯುತ್ತ ನೇಯುತ್ತಲೇ ಮಗ್ಗದ ಮೇಲೆ ಕವುಚಿ ಬಿದ್ದ. ನಾನು ಹತ್ತಿರದಲ್ಲೇ ಕುಳಿತು ಮಗ್ಗಿ ಬಾಯಿಪಾಠ ಮಾಡುತ್ತಿದ್ದೆ. ಲಾಳಿಯ ಸದ್ದು ನಿಂತದ್ದು ಕೇಳಿ ಕಂಡಿಕೆ ಮುಗಿದಿರಬೇಕೆಂದು ಎದ್ದೆ. ಅಪ್ಪನ ಎಡಗೈ ಹಾಸಿನ ಎಳೆಗಳ ಮೇಲೆ ಬಿದ್ದಿತ್ತು, ಬಾಯಿ ಒಂದು ಕಡೆಗೆ ಹೋಗಿತ್ತು. ಕುಣಿಯಿಂದ ಅವನನ್ನು ಎತ್ತಲು ಓಣಿಯ ನಾಲ್ಕು ಗಂಡಸರು ಬೇಕಾದರು. ಬಾಗಲಕೋಟೆಯ ದವಾಖಾನೆಯಲ್ಲಿ ಹದಿನೈದು ದಿನ ಇಟ್ಟುಕೊಂಡು, ಜೀವಕ್ಕೆ ಭಯವಿಲ್ಲ, ಆದರೆ ಎಡಗಡೆಗೆ ಲಕ್ವಾ ಹೊಡೆದಿದೆ ಎಂದು ಹೇಳಿ ಕಳಿಸಿದರು. ಬರುವಾಗ ಡಾಕ್ಟರು ಹೇಳಿದ್ದನ್ನು ಅವ್ವ ಯಾರು ಕೇಳಿದರೂ ಒಪ್ಪಿಸುತ್ತಿದ್ದಳು: ‘ಕಾಲು ಆಡಿಸ್ತಿರ್ರಿ. ದಿನಾ ಆಡಿಸಿದ್ರ ಬಂದರೂ ಬರಬಹುದು. ಬಿಟ್ರ ಕಟಿಗಿ ಆಗತೈತಿ.’ ಅವ್ವ ಎಣ್ಣೆ ಕಾಯಿಸಿ ತಿಕ್ಕಿದಳು. ಯಾರೋ ಪಾರಿವಾಳದ ರಕ್ತ ಹಚ್ಚಿದರೆ ಗುಣವಾಗುತ್ತದೆಂದರು, ಅದನ್ನೂ ತರಿಸಿದಳು. ಅಪ್ಪ ಆ ವಾಸನೆಗೆ ವಾಂತಿ ಮಾಡಿಕೊಂಡ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕಿವುಚಿ ತಿನ್ನಿಸಿದರೆ ಅರ್ಧ ಬಾಯಿಗೆ, ಅರ್ಧ ಎದೆಗೆ. ಸಜ್ಜಿ ರೊಟ್ಟಿಗೆ ಪುಂಡಿಪಲ್ಲೆ ಹಚ್ಚಿಕೊಂಡು ಕಡಕ್ಕನೆ ಕಡಿಯುತ್ತಿದ್ದ ಮನುಷ್ಯ ಹಸುಗೂಸಿನಂತೆ ಬಾಯಿ ತೆರೆಯುವುದನ್ನು ನೋಡಲಾಗದೆ ನಾನು ನನ್ನ ತಾಟು ಹಿಡಿದುಕೊಂಡು ಹಿತ್ತಲಿಗೆ ಹೋಗುತ್ತಿದ್ದೆ.

ಒಂದು ತಿಂಗಳು ಮಗ್ಗ ಹಾಗೇ ಇತ್ತು, ಅರ್ಧ ನೇಯ್ದ ಸೀರೆಯ ಸಮೇತ. ಆಮೇಲೆ ಅಣ್ಣ ಕಾಲೇಜು ಬಿಟ್ಟು ಕುಣಿಗಿಳಿದ. ಅವನಿಗೆ ಹದಿನೇಳು. ಅವನು ಇಳಿದ ದಿನ ಅಪ್ಪ ಹಾಸಿಗೆಯಲ್ಲಿ ಮುಖ ಆಚೆ ತಿರುಗಿಸಿಕೊಂಡಿದ್ದ. ಆ ಸೀರೆಯಲ್ಲಿ ಅಪ್ಪನ ಕೈ ಎಲ್ಲಿ ನಿಂತಿತು, ಅಣ್ಣನ ಕೈ ಎಲ್ಲಿ ಶುರುವಾಯಿತು ಎಂದು ಕುರುಡನಿಗೂ ತಿಳಿಯುವಂತಿತ್ತು. ಅಣ್ಣ ನೇಯ್ದದ್ದನ್ನು ಬಿಚ್ಚುತ್ತಿದ್ದ, ಮತ್ತೆ ನೇಯುತ್ತಿದ್ದ, ತಾನೇ ಅಳುತ್ತಿದ್ದ. ಅಪ್ಪ ಎದ್ದು ಬಂದರೆ ಸಾಕು ಎಂದು ಅವನಿಗೆ ನಮ್ಮೆಲ್ಲರಿಗಿಂತ ಹೆಚ್ಚು ಇತ್ತು ಎಂದು ಈಗ ಅನ್ನಿಸುತ್ತದೆ. ಸೈಕಲ್ಲಿನ ಉಪಾಯ ಹೊಳೆದದ್ದೂ ಅವನಿಗೇ.

“ಅವ್ವಾ, ಸ್ಟ್ಯಾಂಡ್ ಹಾಕಿದ್ರ ಹಿಂದಿನ ಗಾಲಿ ನೆಲಕ್ಕ ಹತ್ತೂದಿಲ್ಲ. ಅಪ್ಪನ್ನ ಮ್ಯಾಲ ಕೂಡ್ಸಿ, ಎಡಗಾಲು ಪೆಡಲ್ಲಿಗೆ ಕಟ್ಟೂಣು. ಬಲಗಾಲಿಲೆ ತುಳಿದ್ರ ಎಡಗಾಲೂ ತಾನ ಆಡತೈತಿ.”

“ಯಾವ ಸೈಕಲ್ಲೋ?” ಎಂದಳು ಅವ್ವ, ಗೊತ್ತಿದ್ದೂ.

“ಹಿತ್ತಲದಾಗಿಂದು.”

“ಆ ಸೈಕಲ್ಲಿನ ಮ್ಯಾಲ? ನಿಮ್ಮಪ್ಪ? ಹೆಣ ಆದರೂ ಹತ್ತೂದಿಲ್ಲ.”

ಹತ್ತುತ್ತಾನೋ ಇಲ್ಲವೋ, ಮೊದಲು ಸೈಕಲ್ ಸೈಕಲ್ಲಾಗಬೇಕಿತ್ತಲ್ಲ. ಅಣ್ಣನೂ ನಾನೂ ಬಳ್ಳಿ ಹರಿದು ಅದನ್ನು ಎಳೆದುಕೊಂಡು ಬಂದೆವು. ತುಕ್ಕು ಎಂದರೆ ಅಂಥಿಂಥ ತುಕ್ಕಲ್ಲ, ಮುಟ್ಟಿದಲ್ಲಿ ಹೋಳಾಗಿ ಉದುರುತ್ತಿತ್ತು. ಚೈನು ಕಬ್ಬಿಣದ ಕಡ್ಡಿಯಂತೆ ಸೆಟೆದು ನಿಂತಿತ್ತು. ಅದನ್ನು ಬಿಚ್ಚಿ ಮೂರು ದಿನ ಚಿಮಣಿ ಎಣ್ಣೆಯಲ್ಲಿ ಮುಳುಗಿಸಿಟ್ಟೆವು. ರಿಮ್ಮು, ಕಡ್ಡಿ, ಹ್ಯಾಂಡಲ್ಲುಗಳನ್ನು ನಾನು ಇಟ್ಟಿಗೆಪುಡಿ, ತೆಂಗಿನ ನಾರಿನಿಂದ ತಿಕ್ಕಿದೆ. ಬೆರಳ ಸಂದಿಯ ಕೆಂಪು ಎಷ್ಟು ತೊಳೆದರೂ ಹೋಗದೆ, ಶಾಲೆಯಲ್ಲಿ ಮೆಹಂದಿ ಯಾರ ಮದುವೆಯದೆಂದು ಕೇಳಿದರು. ಗಾಲಿಯ ನಡುವಿನ ಗುಂಬ ನಮ್ಮ ಕೈಗೆ ಬಗ್ಗದ್ದರಿಂದ ಅಣ್ಣ ಬಸ್‌ಸ್ಟ್ಯಾಂಡಿನ ಹತ್ತಿರ ಸೈಕಲ್ ಅಂಗಡಿ ಇಟ್ಟಿದ್ದ ರಾಜೇಸಾಬ್ ಚಾಚಾನನ್ನು ಕರೆತಂದ. ಅವನು ಬಾಲ್ಸ್ ಬದಲಿಸಿದ, ಗ್ರೀಸ್ ತುಂಬಿದ, ಬಾಗಿದ ಕಡ್ಡಿಗಳನ್ನು ಬಿಗಿದು ಗಾಲಿಯನ್ನು ಕಣ್ಣಳತೆಯಲ್ಲೇ ಸರಿ ಮಾಡಿದ. ಕೊನೆಗೆ ಕೈ ಒರೆಸಿಕೊಂಡು ಕೇಳಿದ:

“ಟೈರ್ ಟ್ಯೂಬ್ ಯಾವಾಗ ತರ್ತೀಯೋ ಮಾಂತೇಶಾ?”

“ಎಲ್ಲಿಗೂ ಹೋಗದ ಸೈಕಲ್ಲಿಗೆ ಟೈರ್ ಯಾಕ್ರಿ ಸಾಬ್ರ?” ಎಂದು ಅವ್ವ ಒಳಗಿನಿಂದಲೇ ಹೇಳಿದಳು.

ಅಪ್ಪ ಮಂಚದ ಮೇಲೆ ಎಚ್ಚರವಾಗಿಯೇ ಇದ್ದ. ಕೇಳಿಸಿತೋ ಇಲ್ಲವೋ ಆಗ ತಿಳಿಯಲಿಲ್ಲ. ರಾಜೇಸಾಬ್ ಹೋದ ಮೇಲೆ ಮಗ್ಗದ ಎದುರು, ಎಡಕ್ಕೆ ಗೋಡೆ, ಬಲಕ್ಕೆ ಕಂಬ ಬರುವಂತೆ ಸೈಕಲ್ ನಿಲ್ಲಿಸಿ, ಮುಂದಿನ ಗಾಲಿಯ ಎರಡೂ ಕಡೆ ಕೆಂಪು ಕಲ್ಲಿನ ತುಂಡು ಇಟ್ಟು ಅಲುಗದಂತೆ ಮಾಡಿದೆವು. ಮರುದಿನ ಬೆಳಿಗ್ಗೆ ಅಣ್ಣ ಅಪ್ಪನ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಅಪ್ಪನೇ ಆ ಸೊಟ್ಟ ಬಾಯಿಯಿಂದ ಮಾತು ಶುರುಮಾಡಿದ. ಅವನ ಮಾತುಗಳನ್ನು ನಾನಿಲ್ಲಿ ನೆಟ್ಟಗೆ ಬರೆಯುತ್ತಿದ್ದೇನೆ. ಅವು ಹಾಗೆ ಬರುತ್ತಿರಲಿಲ್ಲ, ಒಂದೊಂದು ಅಕ್ಷರವನ್ನೂ ಅವನು ಎಳೆದು ತರಬೇಕಾಗಿತ್ತು.

“ತುಳಿದ್ರ ಮಗ್ಗಕ್ಕ ಇಳಿಯೂ ಹಂಗ ಆಗತೇನೋ?”

“ಆಗ್ತಿ ಅಪ್ಪಾ. ಡಾಕ್ಟರು ಹೇಳ್ಯಾರ.”

“ಎತ್ತು ಹಂಗಾದ್ರ.”

ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಮಾವ ಸಾಯುವವರೆಗೆ ಬೇಡಿಕೊಂಡರೂ ಹತ್ತದವನು ಮಗ್ಗದ ಆಸೆಗೆ ಹತ್ತಿದ. ಹಳೆಯ ಸೀರೆಯಿಂದ ಹರಿದ ದಡಿಯ ಪಟ್ಟಿಯಲ್ಲಿ ಅವನ ಎಡಪಾದವನ್ನು ಪೆಡಲಿಗೆ ಬಿಗಿದೆವು. ಎಡಭುಜ ಗೋಡೆಗೆ, ಬಲಗೈ ಕಂಬಕ್ಕೆ. ಮೊದಲ ದಿನ ಎಂಟು ಸುತ್ತಿಗೆ ಬೆವರಿ ನಿಂತ. ಬೇಸಿಗೆ ಮುಗಿಯುವ ಹೊತ್ತಿಗೆ, ಅಣ್ಣ ಒಂದು ಗೇಣು ನೇಯುವತನಕ ತುಳಿಯುವಂತಾದ. ಎದುರಿಗೇ ಮಗ್ಗ, ಅಣ್ಣ ತಪ್ಪಿದರೆ ಸೈಕಲ್ ಮೇಲಿಂದಲೇ ‘ಎಳಿ ತಪ್ಪೈತಿ ಲೇ, ಬಿಚ್ಚು’ ಎನ್ನುತ್ತಿದ್ದ. ಒಂದು ದಿನ ಪಟ್ಟಿ ಬಿಚ್ಚುವಾಗ ಎಡಗಾಲ ಹೆಬ್ಬೆರಳು ಅಲುಗಿದ್ದನ್ನು ನಾನೇ ಮೊದಲು ಕಂಡೆ. ಓಣಿಯ ತುಂಬ ಕೂಗಿಕೊಂಡು ಓಡಿದೆ. ಅವತ್ತು ಅವ್ವ ಹೋಳಿಗೆ ಮಾಡಿದಳು.

ನನ್ನ ಲೆಕ್ಕದಲ್ಲಿ ಅಪ್ಪ ಮಗ್ಗಕ್ಕೆ ಇಳಿಯುವುದು ಇನ್ನು ದಿನಗಳ ಮಾತಾಗಿತ್ತು. ಆಗ ನನಗೆ ಹೊಸ ಚಿಂತೆ ಹತ್ತಿತು. ಅವ್ವನಿಗೆ ಅಪ್ಪನ ಆರೈಕೆಯಲ್ಲೇ ದಿನ ಹೋಗುತ್ತಿತ್ತು, ಅವಳು ಸುತ್ತುವ ಕಂಡಿಕೆ ಇನ್ನೂ ಕಲಿಯುತ್ತಿದ್ದ ಅಣ್ಣನಿಗೇ ಸಾಲುತ್ತಿರಲಿಲ್ಲ. ಅಪ್ಪನ ಕೈಯ ಓಟಕ್ಕೆ ಎಲ್ಲಿಂದ ತರುವುದು? ಅಪ್ಪ ಇಷ್ಟು ಕಷ್ಟಪಟ್ಟು ಇಳಿದು ಕುಳಿತು, ಕಂಡಿಕೆ ಇಲ್ಲದೆ ಖಾಲಿ ಲಾಳಿ ಬಡಿಯಬೇಕಾದರೆ! ಹಾಗೆ ಯೋಚಿಸುತ್ತ ಅವನ ಹಿಂದೆ ಕುಳಿತವಳಿಗೆ ಆ ಬರಿ ರಿಮ್ಮಿನ ಗಾಲಿ ಕಂಡಿತು. ಟೈರಿಲ್ಲ, ಹೊಳೆಯುವ ಕೊರಕಲು, ಸುಮ್ಮನೆ ತಿರುಗುತ್ತಿದೆ. ನೇಕಾರರ ಮನೆಯ ಯಾವ ಹುಡುಗಿಗೆ ನೋಡಿದರೂ ಅದು ರಾಟಿಯೇ. ಅಟ್ಟದ ಮೇಲೆ ಅಜ್ಜಿಯ ಕಾಲದ ಕದಿರೊಂದಿತ್ತು. ಅದನ್ನು ಸೈಕಲ್ಲಿನ ಹಿಂದೆ ಕೂಡಿಸಿ, ಹುರಿ ಹಾಕಿದೆ. ಅಪ್ಪ ತುಳಿದ, ಕದಿರು ತಿರುಗಿತು. ಪಕ್ಕದಲ್ಲೇ ಅವ್ವನ ರಾಟಿಯೂ ಸದ್ದು ಮಾಡುತ್ತಿದ್ದರಿಂದ, ಕತ್ತು ಹೊರಳದ ಅಪ್ಪನಿಗೆ ಏನೂ ತಿಳಿಯಲಿಲ್ಲ. ಅವ್ವ ಮಾತ್ರ ನೋಡಿದಳು. ಕೈಯಲ್ಲಿದ್ದ ಗಾಲಿ ನಿಲ್ಲಿಸಿ ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ಹತ್ತಿರ ಬಂದು ಕಿವಿಯಲ್ಲಿ ಹೇಳಿದಳು:

“ನಿಮ್ಮಪ್ಪಗ ಹೇಳಬ್ಯಾಡ. ಸುಮ್ನ ತಿರಗೂ ಗಾಲಿ, ನಾಕು ಕಂಡಿಕಿ ಬಂದ್ರ ನಾಕು ಬಂದ್ವು.”

ಹೇಳಬೇಡ ಎಂದದ್ದು ಅಪ್ಪನಿಗೆ ನಂತರ ಸಂತೋಷದ ಸುದ್ದಿ ಕೊಡಲಿಕ್ಕೆ ಎಂದು ನಾನು ತಿಳಿದೆ. ಸುತ್ತಿದ್ದರಲ್ಲಿ ಅರ್ಧ ಅಣ್ಣನಿಗೆ ಕೊಟ್ಟು, ಚೆನ್ನಾಗಿ ಬಂದದ್ದನ್ನೆಲ್ಲ ಆರಿಸಿ ಒಂದು ಗಡಿಗೆಯಲ್ಲಿ ಹಾಕಿ ಅಟ್ಟದ ಮೇಲೆ ಮುಚ್ಚಿಟ್ಟೆ. ಗಡಿಗೆ ತುಂಬಬೇಕು, ಅಪ್ಪ ಇಳಿದ ದಿನ ಅದನ್ನು ತಂದು ಅವನ ಮಗ್ಗುಲಲ್ಲಿ ಇಡಬೇಕು, ಅವನು ‘ಯಾರವ್ವಾ ಇಷ್ಟು ಸುತ್ತಿದವ್ರು?’ ಎನ್ನಬೇಕು, ನಾನು ‘ನೀನ ಅಪ್ಪಾ’ ಎನ್ನಬೇಕು. ಈ ಮಾತನ್ನು ನೆನೆಸಿಕೊಂಡು ಒಬ್ಬಳೇ ನಗುತ್ತಿದ್ದೆ.

ಶ್ರಾವಣದ ಮೂರನೆಯ ಶನಿವಾರ ಅವ್ವ ತುಳಸಿಗೇರಿ ಹನುಮಪ್ಪನಿಗೆ ಹೋದಳು. ಅಪ್ಪನ ಕಾಲಿಗೆಂದೇ ಹೊತ್ತ ಹರಕೆ. ನಸುಕಿನಲ್ಲೇ ತಲೆಗೆ ನೀರು ಹಾಕಿಕೊಂಡು ಬಸ್ಸಿಗೆ ಹೊರಟಳು. ಅಣ್ಣ ಅಪ್ಪನನ್ನು ಸೈಕಲ್ ಹತ್ತಿಸಿ, ಕಾಲು ಕಟ್ಟಿ, ನೂಲು ತರಲು ಪೇಟೆಗೆ ಹೋದ. ಗಡಿಗೆಗೆ ಇನ್ನು ಏಳೆಂಟು ಕಂಡಿಕೆ ಕಡಿಮೆ. ನಾನು ಹುರಿ ಹಾಕಿ ಕುಳಿತೆ. ಅವ್ವನ ರಾಟಿ ಸುಮ್ಮನಿದೆ, ಮಗ್ಗ ಸುಮ್ಮನಿದೆ ಎಂಬುದು ನನ್ನ ದಡ್ಡ ತಲೆಗೆ ಹೊಳೆಯಲಿಲ್ಲ. ಅಪ್ಪ ತುಳಿಯತೊಡಗಿದ. ಸ್ವಲ್ಪ ಹೊತ್ತಿಗೆ ನಿಲ್ಲಿಸಿದ.

“ನಿಮ್ಮವ್ವ ಹೋಗಲಿಲ್ಲೇನು?”

“ನಸಿಕಿನ್ಯಾಗ ಹೋದ್ಳಪ್ಪಾ.”

ಮತ್ತೆ ತುಳಿದ. ಕದಿರು ಸದ್ದು ಮಾಡಿತು. ನಿಲ್ಲಿಸಿದ; ಗಾಲಿ ಎರಡು ಸುತ್ತು ಹೆಚ್ಚಿಗೆ ತಿರುಗಿ ನಿಂತಿತು, ಸದ್ದೂ ನಿಂತಿತು. ಮೂರನೆಯ ಸಲ ನಿಧಾನ ತುಳಿದು, ಜೋರು ತುಳಿದು ನೋಡಿದ. ಸದ್ದು ಅವನ ಕಾಲಿನ ಹಿಂದೆಯೇ ನಿಧಾನವಾಯಿತು, ಜೋರಾಯಿತು. ನಲವತ್ತು ವರ್ಷ ಆ ಸದ್ದಿನ ಮಗ್ಗುಲಲ್ಲಿ ಬದುಕಿದವನು. ನಾನು ನೂಲು ಹಿಡಿದ ಕೈಯನ್ನು ಅಲುಗಿಸದೆ ಕುಳಿತಿದ್ದೆ.

“ಏನ್ ಸುತ್ತೀದಿ, ತೋರ್ಸು.”

ಎದ್ದು ಹೋಗಿ ಅವನ ಬಲಗೈಯಲ್ಲಿ ಒಂದು ಕಂಡಿಕೆ ಇಟ್ಟೆ. ಅದನ್ನು ಹೆಬ್ಬೆರಳಿನಿಂದ ಒತ್ತಿ, ಬೆಳಕಿಗೆ ಹಿಡಿದು, ಯಾವುದೋ ಅಂಗಡಿಯಲ್ಲಿ ಮಾಲು ನೋಡಿದ ಹಾಗೆ ನೋಡಿದ.

“ಛಲೋ ಸುತ್ತೀದಿ. ಬಿಗಿ ಐತಿ,” ಎಂದ. ಆಮೇಲೆ, “ಯಾರು ಹೇಳಿದ್ರು ಹಿಂಗ ಮಾಡಂತ?”

“ಯಾರೂ ಇಲ್ಲಪ್ಪಾ.”

“ಹೂಂ. ಕಾಲು ಬಿಚ್ಚು.”

ಆ ಹೊತ್ತಿನಲ್ಲಿ ಹೇಳಬೇಕಿತ್ತು. ಬಾಯಿಯವರೆಗೂ ಬಂದಿತ್ತು. ಆದರೆ ಗಡಿಗೆ ತುಂಬಿರಲಿಲ್ಲವಲ್ಲ, ತುಂಬಿದ ಮೇಲೆ ಹೇಳಬೇಕೆಂದು ಅಷ್ಟು ದಿನ ಕಾಯ್ದುಕೊಂಡಿದ್ದೆನಲ್ಲ. ಅಪ್ಪ ಸಿಟ್ಟಾಗಿದ್ದಾನೆಂದೂ ನನಗೆ ಅನ್ನಿಸಲಿಲ್ಲ, ದಣಿದಿದ್ದಾನೆ ಅಂದುಕೊಂಡೆ. ಪಟ್ಟಿ ಬಿಚ್ಚಿದೆ. ಇಳಿಸುವ ಶಕ್ತಿ ನನಗಿರಲಿಲ್ಲ. ಅಣ್ಣ ಬರುವವರೆಗೆ ಅಪ್ಪ ಹಾಗೇ ಕಂಬ ಹಿಡಿದು, ಎಡಗಾಲು ಜೋತುಬಿಟ್ಟುಕೊಂಡು ಆ ಸೈಕಲ್ಲಿನ ಮೇಲೆ ಕುಳಿತಿದ್ದ. ನಾನು ನೀರು ಬೇಕೇ ಎಂದು ಕೇಳಿದೆ. ತಂದಿಟ್ಟ ತಂಬಿಗೆ ಕಂಬದ ಬುಡದಲ್ಲೇ ಉಳಿಯಿತು.

ಅವ್ವ ಬಿಸಿಲಿಳಿಯುವ ಹೊತ್ತಿಗೆ ತೆಂಗಿನಕಾಯಿ ಹೋಳು, ಅಂಗಾರ ಹಿಡಿದುಕೊಂಡು ಬಂದಳು. ಹಣೆಗೆ ಹಚ್ಚಲು ಹೋದರೆ ಅಪ್ಪ ಮುಖ ತಿರುಗಿಸಿದ. ಅಣ್ಣನಿಂದ ಸಂಗತಿ ತಿಳಿದು ಅವಳು ಮೊದಲು ನನ್ನ ಬೆನ್ನಿಗೆ ಎರಡು ಕೊಟ್ಟಳು. ಆಮೇಲೆ ಅಪ್ಪನ ಮಂಚದ ಮುಂದೆ ನಿಂತಳು.

“ತಿರಗೂ ಗಾಲಿಗೆ ಹುಡುಗಿ ನೂಲು ಹಚ್ಚಿದ್ಳು. ಅದಕ್ಕ ಆಕಾಶ ಹರಿದು ಬಿತ್ತೇನ್ರಿ? ನಿಮ್ಮ ಕಾಲಿಗಂತ ನಾ ಉಪಾಸ ಹೋಗಿ ಬಂದೇನಿ.”

“ಕಾಲಿಗಂತ ಹೋಗಿದ್ದಿ. ಟೈರ್ ಯಾಕ ಅಂದಾಕಿ ನೀ, ಮಗ್ಗ ಬಿಟ್ಟಂವಂತ ಕೈಗೆ ಮೊದಲ ರಾಟಿ ಕೊಟ್ಟ ಹೋಗೀದಿ,” ಎಂದ ಅಪ್ಪ.

ಅವ್ವ ತಲೆ ತಗ್ಗಿಸಿ ಅಂಗಾರವನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಡಾಕ್ಟರು ಅವಳೊಬ್ಬಳನ್ನೇ ಕರೆದು ‘ನಡದಾಡಿದ್ರ ದೊಡ್ಡದು, ನೇಯೂದು ಬಿಡ್ರಿ’ ಎಂದಿದ್ದನ್ನು ಅವಳು ಆಗ ನಮಗೆ ಹೇಳಿರಲಿಲ್ಲ. ಅವಳು ಬೇಡಿಕೊಳ್ಳುತ್ತಿದ್ದದ್ದು ಗಂಡ ಹಿತ್ತಲಿಗೆ ತಾನೇ ಹೋಗಿಬರುವಂತಾಗಲಿ ಎಂದು ಮಾತ್ರ. ಮಗ್ಗದ ಆಸೆ ಅವಳು ಬಿಟ್ಟು ತಿಂಗಳುಗಳಾಗಿದ್ದವು. ಅಪ್ಪನಿಗೆ ಅದು ಆ ದಿನ ಅವಳ ಮುಖದಲ್ಲಿ ಕಂಡಿರಬೇಕು. ಅಂದಿನಿಂದ ಅವನು ಸೈಕಲ್ ಹತ್ತಲಿಲ್ಲ. ಅಣ್ಣ ಕಾಲು ಹಿಡಿದ, ರಾಜೇಸಾಬ್ ಚಾಚಾ ಬಂದು ಗದರಿದ, ಅವ್ವ ಎರಡು ದಿನ ಊಟ ಬಿಟ್ಟಳು. ಒಮ್ಮೆ ಇಳಿದವನು ಇಳಿದವನೇ. ಕಾಲಿಗೆ ಎಣ್ಣೆ ತಿಕ್ಕಲೂ ಬಿಡಲಿಲ್ಲ. ಸೈಕಲ್ಲಿನ ಮೇಲೆ ಒದ್ದೆ ಬಟ್ಟೆ ಬಿದ್ದವು, ಹೊದಿಕೆ ಬಿದ್ದವು, ಅದೂ ಮನೆಯ ಒಂದು ಗೂಟವಾಯಿತು.

ನಾನೇನು ಮಾಡಿದೆ? ಏನೂ ಮಾಡಲಿಲ್ಲ. ಅಟ್ಟದ ಗಡಿಗೆಯ ಹತ್ತಿರ ಹೋಗಲು ಭಯವಾಗುತ್ತಿತ್ತು. ಏನೋ ದೊಡ್ಡ ತಪ್ಪು ಮಾಡಿದ್ದೇನೆ ಎಂದು ಗೊತ್ತಿತ್ತು, ಏನು ತಪ್ಪು ಎಂದು ಗೊತ್ತಿರಲಿಲ್ಲ. ಎರಡು ತಿಂಗಳು ಕಳೆದು ಬನ್ನಿಹಬ್ಬ ಬಂತು. ನಮ್ಮ ಕಡೆ ಅವತ್ತು ಬನ್ನಿಯ ಎಲೆಯನ್ನು ಬಂಗಾರವೆಂದು ಕೊಟ್ಟು, ಹಿರಿಯರ ಕಾಲಿಗೆ ಬಿದ್ದು, ವರ್ಷದ ಮುನಿಸು ಮರೆಯಬೇಕು. ಮಾತು ಬಿಟ್ಟ ಅಣ್ಣತಮ್ಮಂದಿರೂ ಅವತ್ತು ಕೈ ಹಿಡಿಯುತ್ತಾರೆ. ನಾನು ಅಪ್ಪನ ಕೈಯಲ್ಲಿ ಎಲೆ ಇಟ್ಟು, “ಬಂಗಾರ ತಗೊಂಡು ಬಂಗಾರದಂಗ ಇರೂಣಪ್ಪಾ” ಎಂದು ಕಾಲಿಗೆ ಬಿದ್ದವಳು ಏಳಲಿಲ್ಲ. ಆ ಎಡಗಾಲು ತಣ್ಣಗಿತ್ತು. ಅದನ್ನು ಹಿಡಿದುಕೊಂಡು ಅಳತೊಡಗಿದೆ.

“ನೀ ಮಗ್ಗಕ್ಕ ಇಳಿದಾಗ ಕಂಡಿಕಿ ಕಮ್ಮಿ ಬೀಳಬಾರ್ದಂತ ಸುತ್ತಿದ್ನೆಪ್ಪಾ. ನಿನಗಂತನ ಗಡಿಗ್ಯಾಗ ತುಂಬೇನಿ. ಅಟ್ಟದ ಮ್ಯಾಲ ಅದಾವು, ಬೇಕಾದ್ರ ನೋಡು.”

ಅಪ್ಪ ಕೈಯಲ್ಲಿದ್ದ ಎಲೆಯನ್ನು ಹಾಸಿಗೆಯ ಮೇಲಿಟ್ಟ.

“ನಾ ಇಳಿದಾಗಂತ?” ಎಂದ.

“ಹೂಂ.”

“ನಾ ಇಳೀತೇನಂತ ತಿಳ್ಕೊಂಡಿದ್ದಿ ನೀ? ಖರೇನ?”

“ಖರೇನ ಅಪ್ಪಾ. ಹೆಬ್ಬೆಟ್ಟು ಆಡಿತ್ತಲ್ಲ.”

“ಅವತ್ತ ಹೇಳಬೇಕಿಲ್ಲೇನವ್ವಾ?”

“ಗಡಿಗಿ ತುಂಬಿದ ಮ್ಯಾಲ ಹೇಳೂಣಂತ ಇದ್ದೆ.”

ಅವನು ಅರ್ಧ ಬಾಯಿಯಲ್ಲಿ ನಕ್ಕ. ಬಲಗೈಯನ್ನು ನನ್ನ ತಲೆಯ ಮೇಲಿಟ್ಟ. ಲಕ್ವಾ ಹೊಡೆದ ದಿನವೂ ಅವನ ಕಣ್ಣಲ್ಲಿ ನೀರು ಕಂಡಿರಲಿಲ್ಲ, ಆ ದಿನ ಕಂಡೆ. “ಇರಲಿ. ದೀಪಾವಳಿ ಬರಲಿ, ಮತ್ತ ತುಳಿಯಾಕ ಹತ್ತೂಣು,” ಎಂದ. ನಾನು ಓಣಿಯಲ್ಲೆಲ್ಲ ಹೇಳಿಕೊಂಡು ಬಂದೆ. ಮರುದಿನ ಅವ್ವನ ಜೊತೆ ಹುನಗುಂದಕ್ಕೆ ಸೋದರಮಾವನಿಗೆ ಬನ್ನಿ ಕೊಡಲು ಹೋದಾಗ ಬಸ್ಸಿನಲ್ಲಿ ಗುರುತಿಲ್ಲದವರಿಗೂ ಹೇಳಿದೆ.

ದೀಪಾವಳಿ ಬಂತು. ಅಪ್ಪ ಚಳಿ ಎಂದ. ಸಂಕ್ರಮಣ ಬಂತು, ಕೆಮ್ಮು ಎಂದ. ಯುಗಾದಿಗೆ ಬಿಸಿಲು. ನಾನು ಕೇಳುತ್ತಲೇ ಇದ್ದೆ, ಅವನು ‘ನಾಳಿ’ ಎನ್ನುತ್ತಲೇ ಇದ್ದ. ನಡುನಡುವೆ ಅವನೇ “ಕಂಡಿಕಿ ಅದಾವಿಲ್ಲವಾ?” ಎಂದು ಕೇಳುತ್ತಿದ್ದ. “ಅದಾವಪ್ಪಾ” ಎನ್ನುತ್ತಿದ್ದೆ. ಮೊದಮೊದಲು ಉತ್ಸಾಹದಿಂದ, ಆಮೇಲೆ ಬೇಸರದಿಂದ. ನಾನು ದೊಡ್ಡವಳಾದೆ, ಮೂಗಿನ ತುದಿಗೆ ಸಿಟ್ಟು ಬಂದು ಕೂತಿತು. ಹೈಸ್ಕೂಲಿನಲ್ಲಿದ್ದಾಗ ಒಂದು ದಿನ ಅವನು ಮತ್ತೆ ಕಂಡಿಕೆಯ ಮಾತೆತ್ತಿದ್ದಕ್ಕೆ, “ನಿನಗ ಮನಸ ಇಲ್ಲ. ಮನಸ ಇದ್ದಿದ್ರ ಇಷ್ಟೊತ್ತಿಗೆ ಮಗ್ಗದಾಗ ಇರ್ತಿದ್ದಿ. ಕುಂತ ಉಣ್ಣಾಕ ರೂಢಿ ಆಗೈತಿ,” ಎಂದುಬಿಟ್ಟೆ. ಅಣ್ಣ ಮಗ್ಗದಿಂದ ತಲೆಯೆತ್ತಿ ಏನೋ ಹೇಳಹೊರಟ. ಅಪ್ಪ ಅವನ ಕಡೆ ಕಣ್ಣು ಬಿಟ್ಟ. “ಹೌದವ್ವಾ, ಮೈಗಳ್ಳ ಆಗೇನಿ ನಾ,” ಎಂದು ನಕ್ಕ. ಮುಂದಿನ ವರ್ಷ ಅವನು ತೀರಿಕೊಂಡ. ಗಡಿಗೆಯ ನೂಲು ಅಷ್ಟು ಹೊತ್ತಿಗೆ ಜಿರಲೆ ತಿಂದು ಹಾಳಾಗಿತ್ತು. ಅಪ್ಪನ ಮೇಲೆ ನನಗೆ ಪ್ರೀತಿಯ ಜೊತೆಗೆ ಒಂದು ಸಣ್ಣ ಅಸಮಾಧಾನ ಉಳಿದೇ ಇತ್ತು. ನಾನು ತಡವಾಗಿಯಾದರೂ ಹೇಳಿದೆ, ಅವನು ಮನಸ್ಸು ಮಾಡಲಿಲ್ಲ. ಹಾಗೆಂದುಕೊಂಡೇ ಮುದುಕಿಯಾದೆ.

ಹೋದ ತಿಂಗಳು ಇಳಕಲ್ಲಿಗೆ ಹೋಗಿದ್ದೆ. ಅಣ್ಣನಿಗೆ ಈಗ ಮಂಡಿನೋವು, ಕುಣಿಯಲ್ಲಿ ಕಾಲು ಇಳಿಬಿಟ್ಟವರಿಗೆಲ್ಲ ಬರುವಂಥದ್ದೇ. ಅವನ ಅಳಿಯ ಮನೆಯಲ್ಲೇ ತುಳಿಯುವ ವ್ಯಾಯಾಮದ ಸೈಕಲ್ ತಂದು ಪಡಸಾಲೆಯಲ್ಲಿಟ್ಟಿದ್ದಾನೆ. ಅದರ ಮೇಲೆ ಟವೆಲ್ ಒಣಗುತ್ತಿತ್ತು. ಅತ್ತಿಗೆ ನನ್ನ ಹತ್ತಿರ ದೂರಿದಳು. ನನ್ನ ಬಾಯಿ ಸುಮ್ಮನಿರುತ್ತದೆಯೇ?

“ಅಪ್ಪನಂಗ ಹಟ ಮಾಡಬ್ಯಾಡಣ್ಣಾ. ಅಂವನೂ ಹಿಂಗ ನಾಳಿ ನಾಳಿ ಅಂತ ಕಾಲ ಕಳೆದ. ಒಂದ ದಿನಾರ ಹತ್ತಿದನೇನು?”

ಅಣ್ಣ ಕೈಯಲ್ಲಿದ್ದ ಚಹಾದ ಬಟ್ಟಲನ್ನು ಕೆಳಗಿಟ್ಟ.

“ಹತ್ತಿದ್ದ,” ಎಂದ.

“ಯಾವಾಗ?”

“ನೀ, ಅವ್ವ ಬನ್ನಿ ಕೊಡಾಕ ಹುನಗುಂದಕ್ಕ ಹೋಗಿದ್ರಲ್ಲ, ಆವತ್ತ. ನೀವು ಹೊಸ್ತಿಲಾ ದಾಟೂದ ತಡ, ಎತ್ತಿ ಕೂಡ್ಸು ಅಂದ. ಕೂಡ್ಸಿದೆ. ಮಣಕಾಲು ಮಡಚಲಿಲ್ಲ ಗಂಗೂ. ಎರಡು ತಿಂಗಳಾಗ ಕಟಿಗಿ ಆಗಿತ್ತು. ಬಿಸಿನೀರು ಹಾಕಿದೆ, ಎಣ್ಣಿ ಹಚ್ಚಿದೆ. ಒತ್ತು ಅಂದ. ಬಾಯಾಗ ಟವೆಲ್ ಕಚ್ಚಿಕೊಂಡು, ಇನ್ನೂ ಒತ್ತು, ಇನ್ನೂ ಒತ್ತು ಅಂತ ಸನ್ನಿ ಮಾಡಿದ. ನನ್ನ ಕೈಲೆ ಆಗಲಿಲ್ಲ. ನೀವು ಬರೂ ಬಸ್ಸಿನ ಹೊತ್ತಾತು, ಇಳಸು ಅಂದ. ಇಳಿಸಿದೆ.”

ಇಷ್ಟು ವರ್ಷ ಯಾಕೆ ಹೇಳಲಿಲ್ಲವೆಂದು ಅವನನ್ನು ಕೇಳಿದೆನೋ, ಕೇಳಬೇಕೆಂದುಕೊಂಡೆನೋ ನೆನಪಿಲ್ಲ. ಅಣ್ಣ ನನ್ನ ಮುಖ ನೋಡದೆ ಹೇಳಿದ:

“ಆಣಿ ಹಾಕ್ಸಿಕೊಂಡಿದ್ದ. ‘ಗಂಗಿಗೆ ಹೇಳಬ್ಯಾಡೋ. ನಾ ಇಳೀತೇನಂತ ತಿಳ್ಕೊಂಡಾಕಿ ಈ ಮನ್ಯಾಗ ಅಕಿ ಒಬ್ಬಾಕಿನ ಅದಾಳ’ ಅಂದ.”